ಸನ್ಮಾನದಲ್ಲಿ ಕೊಟ್ಟ ಬಲಗಾಲು

ಬಣ್ಣದ ಕಾಗದ ಬಿಚ್ಚಿ ನೋಡಿದರೆ ಒಳಗಿದ್ದದ್ದು ಬಲಗಾಲು.

ನಮ್ಮ ಪಕ್ಕದ ಮನೆಯ ನಿವೃತ್ತ ಹವಾಲ್ದಾರ್ ಪುಟ್ಟೇಗೌಡರು ಗಡಿಯಲ್ಲಿ ನೆಲಬಾಂಬಿಗೆ ಕಳೆದುಕೊಂಡಿದ್ದು ಎಡಗಾಲು...

ಕಾರ್ಗಿಲ್ ಯುದ್ಧ ಮುಗಿದ ಮರುವರ್ಷದ ಮಾತು. ಬಸವನಗುಡಿ, ಚಾಮರಾಜಪೇಟೆಯಲ್ಲೆಲ್ಲ ಮಾಜಿ ಸೈನಿಕರ ಹೆಸರಿನ ಟ್ರಸ್ಟುಗಳು ನಾಯಿಕೊಡೆಗಳಂತೆ ಎದ್ದಿದ್ದವು.

ಗೌಡರು ಶಂಕರಪುರಂನ ಒಂದು ಶಾಲೆಯಲ್ಲಿ ಅಟೆಂಡರ್. ದಿನವಿಡೀ ಮೆಟ್ಟಿಲು ಹತ್ತಿ ಇಳಿಯುವ ಕೆಲಸ. ಹಳೆಯ ಕೃತಕ ಕಾಲು ಸವೆದು, ಮೊಣಕಾಲಿನ ಕೆಳಗೆ ಹುಣ್ಣಾಗಿ, ಕೆಲಸವೇ ಕೈತಪ್ಪುವ ಹಾಗಿತ್ತು.

ಪೂನಾದ ಮಿಲಿಟರಿ ಆಸ್ಪತ್ರೆಯಲ್ಲಿ ಹೊಸದು ಮಾಡಿಸಿಕೊಂಡು ಬರಲು ಹೇಗೋ ರಜೆ ಪಡೆದಿದ್ದರು. ಅಷ್ಟರಲ್ಲಿ ಒಂದು ಟ್ರಸ್ಟಿನ ಕಾರ್ಯದರ್ಶಿ ಬಂದರು.

"ಪೂನಾಗೆ ಯಾಕ್ ಹೋಗ್ತೀರಾ ಗೌಡ್ರೇ, ನಾವಿದೀವಲ್ಲ. ಸನ್ಮಾನ ಮಾಡಿ ಸ್ಟೇಜ್ ಮೇಲೇ ಕೊಡ್ತೀವಿ."

ನಮ್ಮ ತಂದೆ ಆ ಟ್ರಸ್ಟಿನ ಆಮಂತ್ರಣ ಪತ್ರಿಕೆಯನ್ನು ಸವರಿ ನೋಡಿದರು. ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ಅಂಗಡಿಯಲ್ಲಿ ಅಚ್ಚು ಹಾಕಿಸಿದ ದಪ್ಪ ಕಾರ್ಡು, ಚಿನ್ನದ ಅಕ್ಷರ, ಮದುವೆ ಪತ್ರಿಕೆಯನ್ನೂ ಮೀರಿಸುವಂತಿತ್ತು. "ಒಳ್ಳೇ ಜನ ಕಣೋ, ಕಾರ್ಡ್ ನೋಡಿದ್ರೇ ಗೊತ್ತಾಗುತ್ತೆ" ಅಂದರು.

ನಮ್ಮ ಕಡೆ ಸಂಸ್ಥೆಯ ಯೋಗ್ಯತೆ ಅಳೆಯುವುದೇ ಹೀಗೆ. ಗೌಡರು ರಜೆ ರದ್ದು ಮಾಡಿದರು.

ಸಮಾರಂಭದಲ್ಲಿ ಮೈಸೂರು ಪೇಟ, ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ, ಜೊತೆಗೆ ಬಣ್ಣದ ಕಾಗದ ಸುತ್ತಿದ ಆ ಪೊಟ್ಟಣ. ಅಧ್ಯಕ್ಷರು ದೇಶಭಕ್ತಿಯ ಮೇಲೆ ಕೊರೆದೇ ಕೊರೆದರು... ಕಾಲಿಲ್ಲದ ಮನುಷ್ಯನನ್ನು ಅಷ್ಟು ಹೊತ್ತೂ ನಿಲ್ಲಿಸಿಕೊಂಡು.

ಫೋಟೋ ಆದ ಮೇಲೆ ಪೇಟವನ್ನು ಮುಂದಿನವರ ತಲೆಗಿಡಲು ವಾಪಸ್ ಪಡೆದರು.

ಅಳತೆ ತೆಗೆದುಕೊಳ್ಳಲು ಮಾತ್ರ ಯಾರೂ ಬಂದಿರಲಿಲ್ಲ. ಯಾವ ಕಾಲು ಅಂತ ಕೇಳುವಷ್ಟು ಪುರುಸೊತ್ತೂ ಆ ಮಹಾನುಭಾವರಿಗೆ ಇರಲಿಲ್ಲ.

ಮರುದಿನ ಗೌಡರ ಜೊತೆ ಟ್ರಸ್ಟಿನ ಆಫೀಸಿಗೆ ಹೋದೆ. ಕಾರ್ಯದರ್ಶಿ ಆ ಕಾಲನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಏನಂದರು ಗೊತ್ತಾ?

"ಇರ್ಲಿ ಬಿಡಿ, ಮುಂದಿನ ವರ್ಷದ ಫಂಕ್ಷನ್‌ಗೆ ಎಡಗಾಲು ಮಾಡೋಣ."

ನನಗೆ ಮೈಯೆಲ್ಲ ಉರಿದುಹೋಯಿತು. ಗೌಡರು ಮಾತ್ರ ಶಾಂತವಾಗಿ "ಅಲ್ಲೀವರ್ಗೂ ಏನ್ ಮಾಡ್ಲಿ ಸಾರ್?" ಅಂದರು.

ಕಾರ್ಯದರ್ಶಿ ಬೆಲ್ ಒತ್ತಿ ಕಾಫಿ ತರಿಸಿದರು.

ಶಾಲೆಯವರು ಇನ್ನೊಮ್ಮೆ ರಜೆ ಕೊಡಲು ಒಪ್ಪಲಿಲ್ಲ. ಗೌಡರು ಬೇರೆ ದಾರಿಯಿಲ್ಲದೆ ಪೂನಾಗೆ ಹೋದರು. ಕಾಲು ಬಂತು, ಕೆಲಸ ಹೋಗಿತ್ತು.

ಆ ಟ್ರಸ್ಟಿನವರು ಈಗಲೂ ನಮ್ಮ ಬೀದಿಗೆ ಬರುತ್ತಾರೆ... ಗೌಡರ ಸನ್ಮಾನದ ಫೋಟೋ ತೋರಿಸಿಯೇ ಚಂದಾ ಎತ್ತುತ್ತಾರೆ. ನಾಚಿಕೆಗೆಟ್ಟವರು.

ಸೈನಿಕರಿಗೆ ನಿಜವಾಗಿ ನೆರವಾಗುವ, ಸ್ಟೇಜೇ ಹತ್ತದ ಒಂದು ಸಂಸ್ಥೆ ನಿಮಗೆ ಗೊತ್ತಿದೆಯಾ?