ಆಯಿಯ ಪಾನ್‌ಕೂಕ

ಬೆಣ್ಣೆ ಕರಗಿ, ನೊರೆ ಇಳಿದು, ಕಂದುಬಣ್ಣಕ್ಕೆ ತಿರುಗುವಾಗ ಏಳುವ ವಾಸನೆಯೊಂದು ಸಾಕು, ಜಪಾನಿನ ಓಜಿಮಾದಲ್ಲಿರುವ ನಮ್ಮ ಒಂಬತ್ತನೇ ಮಹಡಿಯ ಇಕ್ಕಟ್ಟು ಅಡುಗೆಮನೆ ಬೆಟಗೇರಿಯ ಆಯಿಯ ಮನೆಯಾಗಿಬಿಡುತ್ತದೆ. ಹಿಟ್ಟು ಹೊಯ್ದೊಡನೆ ಅದು ಹಂಚಿಗೆ ಕಚ್ಚಿಕೊಂಡು ಹರಿದು ಚೂರಾಗುತ್ತದೆ, ಮತ್ತೆ ಓಜಿಮಾ. ಕಳೆದ ಶನಿವಾರ ಬೆಳಿಗ್ಗೆ ಹೀಗೆ ನಾಲ್ಕು ಹರಿದವು. ಐದನೆಯದು ಸೆಟ್ ದೋಸೆಯಷ್ಟು ದಪ್ಪಗಾಯಿತು. ಹತ್ತು ವರ್ಷದ ಮಗಳು ಕರುಣಾ ತಟ್ಟೆ ಹಿಡಿದು ಕಾದು ಕಾದು ಸಾಕಾಗಿ, “ಅಮ್ಮಾ, ಇದು ಜಸ್ಟ್ ಕುರೇಪು ತಾನೆ? ಸ್ಟೇಶನ್ ಹತ್ರ ಸಿಗುತ್ತಲ್ಲ” ಅಂದಳು. ಕ್ರೇಪ್‌ಗೆ ಇಲ್ಲಿಯವರು ಕುರೇಪು ಅನ್ನುತ್ತಾರೆ. “ಕುರೇಪು ಅಲ್ಲ, ಪಾನ್‌ಕೂಕ!” ಎಂದು ಗದರಿದೆ. ಅವಳು ಶಾಲೆಯಲ್ಲಿ ಟೀಚರಿಗೆ ಹೇಳುವ ಹಾಗೆ “ಸುಮಿಮಾಸೆನ್”, ತಪ್ಪಾಯ್ತು, ಎಂದು ತಲೆ ಬಾಗಿಸಿ, ತಟ್ಟೆ ಇಟ್ಟು ಹೋದಳು.

ಪಾನ್‌ಕೂಕ ಅಂದರೆ ಜರ್ಮನರ ತೆಳು ದೋಸೆ. ನಮ್ಮ ಅಜ್ಜಿಯನ್ನು ನಾವು ಆಯಿ ಎನ್ನುತ್ತಿದ್ದೆವು; ಅವಳ ಅವ್ವ ಬೆಟಗೇರಿಯಲ್ಲಿ ಜರ್ಮನ್ ಪಾದ್ರಿಗಳ ಬಂಗಲೆಯಲ್ಲಿ ಅಡುಗೆಗಿದ್ದವಳು. ಪಾದ್ರಿಗಳು ತಮ್ಮ ದೇಶಕ್ಕೆ ಮರಳಿದರು, ಅವರ ಹೆಂಡಂದಿರು ಕಲಿಸಿದ ತಿಂಡಿ ನಮ್ಮಲ್ಲಿ ಉಳಿಯಿತು. ನಿಮ್ಮ ಮನೆಯಲ್ಲೂ ಇಂಥದೊಂದು ಇದ್ದೀತು, ಎಲ್ಲಿಂದಲೋ ಬಂದು ಮನೆಯ ಮಗುವಾದ ತಿಂಡಿ. ಮೈದಾ, ಮೊಟ್ಟೆ, ಹಾಲು, ಚಿಟಿಕೆ ಉಪ್ಪು, ಇಷ್ಟೇ. ಭಾನುವಾರ ಚರ್ಚಿನಿಂದ ಬಂದು ಆಯಿ ಒಲೆಯ ಮುಂದೆ ಮಣೆ ಹಾಕಿ ಕೂರುತ್ತಿದ್ದಳು. ಅವಳ ಕಣ್ಣು ಮಂಜಾದ ಮೇಲೆ ಹಿಟ್ಟು ಹೊಯ್ಯುವ ಕೆಲಸ ನನ್ನ ಅಕ್ಕ ಸರೋಜಳದಾಯಿತು. ನನ್ನ ಪಾಲಿಗೆ ಸಕ್ಕರೆ ಡಬ್ಬಿ. ಸಕ್ಕರೆ, ದಾಲ್ಚಿನ್ನಿ ಪುಡಿ ಉದುರಿಸಿ ಸುರುಳಿ ಸುತ್ತುವುದು, ಸುತ್ತಿ ಮೊದಲನೆಯದನ್ನು ತಿನ್ನುವುದು. ಬೆಳಕಿಗೆ ಹಿಡಿದರೆ ಆಚೆ ಕಿಟಕಿಯ ಸರಳು ಕಾಣಬೇಕು, ಅಷ್ಟು ತೆಳು. ಉಳಿದವನ್ನು ಆಯಿ ಮರುದಿನ ಎಳೆ ಎಳೆಯಾಗಿ ಹೆಚ್ಚಿ ಮಟನ್ ಸಾರಿಗೆ ಹಾಕುತ್ತಿದ್ದಳು. ನಾನೂ ಹೊಯ್ಯುತ್ತೇನೆಂದು ಎಷ್ಟು ಗೋಗರೆದರೂ ಅವಳದು ಒಂದೇ ಮಾತು: “ನಿನ್ನ ಪಾಳಿ ಬರತೈತಿ, ತಡಿ.” ಪಾಳಿ ಬರಲಿಲ್ಲ. ಒಂದು ಚಳಿಗಾಲ ಆಯಿ ಹೋದಳು. ಬಂಗಲೆಯ ಕಾಂಪೌಂಡಿನ ಆ ಎರಡು ಕೋಣೆಯ ಮನೆ ಬಿಟ್ಟುಕೊಡಬೇಕಾಯಿತು. ಈಗ ಅದೂ ಇಲ್ಲ, ಬಂಗಲೆಯೂ ಇಲ್ಲ.

ಆ ಶನಿವಾರ ಸಿಟ್ಟಿನಲ್ಲೇ ಹುಬ್ಬಳ್ಳಿಯಲ್ಲಿರುವ ಅಕ್ಕನಿಗೆ ವಿಡಿಯೋ ಕಾಲ್ ಮಾಡಿ, ಹರಿಯದ ಹಾಗೆ ಹೊಯ್ಯುವುದು ಹೇಗೆಂದು ಕೇಳಿದೆ.

“ನನಗೆಲ್ಲಿ ನೆನಪೈತವಾ? ಮಾಡಿ ಇಪ್ಪತ್ತು ವರ್ಷಾತು” ಅಂದಳು.

“ವಾರಾ ವಾರಾ ನೀನ ಹೊಯ್ತಿದ್ದಿ. ನನಗ ಒಮ್ಮೆನೂ ಕೊಡಲಿಲ್ಲ. ಈಗ ಮರ್ತೀನಿ ಅಂದ್ರ ಹೆಂಗ?”

“ನೀ ಬಿಸಿದು ತಿಂದಿ. ನಾ ಹೊಗಿಯಾಗ ಕೂತು ಎಲ್ಲಾರಿಗೂ ಹಾಕಿ ಕೊಡತಿದ್ದೆ. ಮೊದಲಿನವು ಹರೀತಾವಲ್ಲ, ಅವನ್ನ ಆಯಿ ನನಗಂತ ಬಾಜೂಕ ಇಡತಿದ್ಳು. ನಾ ಏಳೂದ್ರಾಗ ತಣ್ಣಗಾಗಿರತಿದ್ವು.” ದೂರುವ ದನಿಯೇ ಇರಲಿಲ್ಲ, ಇವತ್ತು ಮೋಡ ಐತಿ ಎಂದಷ್ಟೇ ಸಹಜವಾಗಿ ಹೇಳಿದಳು. ಜಗಳಕ್ಕೆಂದೇ ಫೋನು ಮಾಡಿದ್ದ ನಾನು ಉಳಿದ ಹಿಟ್ಟನ್ನು ಕಲಕತೊಡಗಿದೆ.

“ಇನ್ನೊಂದ ಹೊಯ್ಯಿ, ನೋಡೋಣು.”

ಫೋನನ್ನು ಗೋಡೆಗೆ ಆನಿಸಿ ಹೊಯ್ದೆ. “ಅಯ್ಯ, ಹಂಗಲ್ಲ!” ಎನ್ನುತ್ತಿದ್ದಂತೆ ಅವಳ ಬಲಗೈ ಇಲ್ಲದ ಹಂಚನ್ನು ಎತ್ತಿ, ಮಣಿಕಟ್ಟಿನಲ್ಲಿ ನಿಧಾನ ಒಂದು ಸುತ್ತು ತಿರುಗಿಸಿ ನಿಂತಿತು. ತನ್ನ ಕೈಯನ್ನು ತಾನೇ ಬೆರಗಿನಿಂದ ನೋಡಿದಳು. ನಾನೂ ಹಾಗೇ ತಿರುಗಿಸಿದೆ. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೂತು. ಆದರೂ ಹರಿಯದೆ ಎದ್ದಿತು.

“ಬಂತೇನು?”

“ಇಲ್ಲಕ್ಕಾ, ಆಯಿ ಮಾಡಿದಂಗ ಬರಲಿಲ್ಲ.”

ಕರುಣಾಳನ್ನು ಕರೆದು, ಸಕ್ಕರೆ ಉದುರಿಸಿ ಸುತ್ತಿ ಕೊಟ್ಟೆ. ಅವಳು ನಾಲಿಗೆ ಸುಟ್ಟುಕೊಂಡು, ಫೋನಿನ ಮುಂದೆ ನಿಂತು “ಒಯಿಶೀ, ದೊಡ್ಡವ್ವಾ!” ಎಂದು ಕುಣಿದಳು. ಅಕ್ಕನಿಗೆ ಪದ ತಿಳಿಯಲಿಲ್ಲ, ರುಚಿಯಾಗಿದೆ ಎಂಬ ಅರ್ಥ ತಿಳಿಯಿತು. “ಬಿಸಿ ಐತೇನವಾ?” ಎಂದು ಕೇಳಿ, ಕನ್ನಡಕ ತೆಗೆದು ಪರದೆಗೆ ಮುಖ ಹತ್ತಿರ ತಂದಳು.

ಬೆಟಗೇರಿಯ ಆ ಮನೆಯಲ್ಲಿ ಒಂದು ಭಾನುವಾರವಾದರೂ ನಾನು ಸುತ್ತಿದ ಮೊದಲ ಸುರುಳಿಯನ್ನು ಅಕ್ಕನ ಬಾಯಿಗೆ ಇಡಬಹುದಿತ್ತು. ನಮ್ಮಿಬ್ಬರ ನಡುವೆ ಒಂದು ಮೊಳ ದೂರವೂ ಇರಲಿಲ್ಲ. ನನಗದು ಹೊಳೆಯಲೇ ಇಲ್ಲ.