ಆಟಕ್ಕೆ ಬೆನ್ನು ಹಾಕಿ ಕೂತ ಗುರುನಾಥಪ್ಪ

ಗುರುನಾಥಪ್ಪ ಕಂಪೌಂಡರು ಹಾಕಿ ಆಟವನ್ನು ಒಂದು ದಿನವೂ ನೋಡಿದವರಲ್ಲ. ಆದರೆ ಒಂದು ಪಂದ್ಯವನ್ನೂ ತಪ್ಪಿಸಿದವರಲ್ಲ. ಬೀದರ ಕೋಟೆಯ ಹೊರಗಿನ ಬಯಲಿನಲ್ಲಿ ಆಟವಿದ್ದ ದಿನ, ದವಾಖಾನೆಯ ಖಾಲಿ ಕಟ್ಟಿಗೆ ಪೆಟ್ಟಿಗೆ, ಖೋಕಾ ಒಂದನ್ನು ಗೆರೆಯ ಪಕ್ಕಕ್ಕೆ ತಂದು ಬೋರಲು ಹಾಕಿ, ಮೈದಾನಕ್ಕೆ ಬೆನ್ನು ಮಾಡಿ, ನಮ್ಮ ಕಡೆ ಮುಖ ಮಾಡಿ ಕೂಡುತ್ತಿದ್ದರು. ಕಾಲ ಬಳಿ ಅಯೋಡಿನ್ ಬಾಟಲಿ, ಹತ್ತಿ, ಸೂಜಿ ದಾರ. ಎದುರಿಗೆ ನಾವು, ಮುನ್ನೂರು ನಾನೂರು ಜನ, ಗಂಟಲು ಹರಿಯುವಂತೆ ಕೂಗುವವರು.

"ಕಾಕಾ, ಆಟ ಆ ಕಡಿ ನಡದದ" ಎಂದು ಯಾರಾದರೂ ನಕ್ಕರೆ, "ಅಲ್ಲಿ ಇಪ್ಪತ್ತೆರಡು ಮಂದಿ ಒಂದು ಚೆಂಡಿನ ಹಿಂದ ಓಡ್ತಾರ. ಅದರಾಗ ನೋಡೋದೇನದ? ತಮಾಷಾ ಇರೋದು ಈ ಕಡಿ" ಎನ್ನುತ್ತಿದ್ದರು.

ಪೊಲೀಸ್ ಕಾರ್ಯಾಚರಣೆ ಮುಗಿದು ಎರಡು ಮೂರು ವರ್ಷವಾಗಿತ್ತು. ನಿಜಾಮರ ಆಳ್ವಿಕೆ ಹೋಗಿದ್ದರೂ ನಾವಿನ್ನೂ ಹೈದರಾಬಾದ ರಾಜ್ಯದವರೇ. ಹೈದರಾಬಾದ ಶಹರದ ಕಾಲೇಜುಗಳಲ್ಲಿ ಓದುತ್ತಿದ್ದ ಹುಡುಗರು ರಜೆಗೆ ಊರಿಗೆ ಬಂದಾಗ ಎರಡು ತಂಡ ಕಟ್ಟಿ ಆಡುತ್ತಿದ್ದರು. ಬೀದರಿನವರದೊಂದು, ಭಾಲ್ಕಿ ಔರಾದ ಕಡೆಯವರದೊಂದು. ನಾನು ಠಾಣಾ ಕುಶನೂರಿನವನು. ಹುಟ್ಟಿದ ಊರಿನ ಲೆಕ್ಕದಲ್ಲಿ ಭಾಲ್ಕಿ ಔರಾದ ತಂಡದವನಾಗಬೇಕಿತ್ತು. ಆದರೆ ಬೀದರಿನಲ್ಲಿ ಕೋಣೆ ಮಾಡಿಕೊಂಡು ಒಂದು ಕಚೇರಿಯಲ್ಲಿ ಸಂಬಳವಿಲ್ಲದೆ ಕೆಲಸ ಕಲಿಯುವ ಉಮೇದುವಾರನಾಗಿದ್ದೆ. ಹಾಗಾಗಿ ಬೀದರಿನವರಿಗಿಂತ ಹೆಚ್ಚು ಬೀದರಿನವನಾಗಿದ್ದೆ. ಸ್ಟಿಕ್ ಹಿಡಿದು ಒಂದು ಗಳಿಗೆಯೂ ಆಡಿದವನಲ್ಲ. ಆದರೆ ಯಾವ ಹೊಡೆತ ಅಪಾಯದ್ದು, ಯಾರನ್ನು ಎಷ್ಟು ತಿಂಗಳು ಆಟದಿಂದ ಹೊರಗಿಡಬೇಕು ಎಂದು ಚಹಾದ ಅಂಗಡಿಯಲ್ಲಿ ಕೂತು ಅಪ್ಪಣೆ ಕೊಡಿಸುತ್ತಿದ್ದವರಲ್ಲಿ ಮೊದಲಿಗ ನಾನೇ.

ನಮ್ಮಂಥವರನ್ನು ಕಂಡರೆ ಗುರುನಾಥಪ್ಪನವರಿಗೆ ಕಾಲಿಗೆ ಮೆತ್ತಿದ ಕೆಸರನ್ನು ಕಂಡ ಹಾಗೆ. ಒಮ್ಮೆ ಔರಾದ ಹುಡುಗನೊಬ್ಬನ ಮೊಣಕಾಲ ಕೆಳಗೆ ಸ್ಟಿಕ್ ಬಿದ್ದು ಚರ್ಮ ಸೀಳಿತ್ತು. ಬೇಕೆಂದೇ ಹೊಡೆದದ್ದೋ, ತಪ್ಪಿ ಬಿದ್ದದ್ದೋ ಎಂದು ಗಾಯದ ಸುತ್ತಲೇ ನಮ್ಮ ಚರ್ಚೆ ಶುರುವಾಯಿತು. ಬಟ್ಟೆ ಅಂಗಡಿಯ ಗುಮಾಸ್ತ ಒಬ್ಬನಂತೂ ಹೊಡೆದವನ ಮನಸ್ಸಿನೊಳಗೆ ಹೊಕ್ಕು ಬಂದವನಂತೆ ಮಾತಾಡುತ್ತಿದ್ದ. ಗುರುನಾಥಪ್ಪ ತಲೆ ಎತ್ತದೆ, "ಎಲುಬಿಗಿ ಉದ್ದೇಶ ತಿಳಿಯಂಗಿಲ್ಲ ತಮ್ಮಾ. ನಿನಗ ಭಾಳ ತಿಳೀತದಲ್ಲ, ಬಾ, ಈ ಕಾಲು ಹಿಡಿ" ಎಂದು ಅವನನ್ನು ಕೂಡಿಸಿಕೊಂಡರು. ಸೂಜಿ ಎರಡನೆಯ ಸಲ ಚರ್ಮದೊಳಗೆ ಹೋಗುವಷ್ಟರಲ್ಲಿ ಗುಮಾಸ್ತ ಅಡ್ಡಬಿದ್ದಿದ್ದ. "ಇವನ್ನ ಆ ಕಡಿ ಎಳೀರಿ. ಗಾಯ ಆದವ ಸುಮ್ಮ ಕುಂತಾನ, ನ್ಯಾಯ ಮಾಡೋನಿಗಿ ಚಕ್ರ ಬಂತು" ಎಂದು ಹೊಲಿಗೆ ಮುಗಿಸಿದರು.

ಆ ಬೇಸಿಗೆಯ ಕೊನೆಯ ಪಂದ್ಯದಲ್ಲಿ ನಮ್ಮ ನಾಗೇಂದ್ರ ಬಿದ್ದ. ನಾಗೇಂದ್ರನೆಂದರೆ ಕಾಳಿನ ಪೇಟೆ ಗಂಜಿನಲ್ಲಿ ದೊಡ್ಡ ಅಡತಿ ಅಂಗಡಿಯವರ ಮಗ, ಬೀದರ ತಂಡದ ನಾಯಕ. ಗೋಲಿನ ಮುಂದೆ ಏಳೆಂಟು ಜನ ಮುಗಿಬಿದ್ದಿದ್ದರು. ಧೂಳು ಎದ್ದಿತ್ತು. ಒಂದು ಚೀತ್ಕಾರ ಕೇಳಿತು. ಧೂಳು ಇಳಿದಾಗ ನಾಗೇಂದ್ರ ಕೆನ್ನೆ ಹಿಡಿದು ಹೊರಳಾಡುತ್ತಿದ್ದ. ಪಕ್ಕದಲ್ಲಿ ಎದುರು ತಂಡದ, ಭಾತಂಬ್ರಾದ ಬಶೀರ ಸ್ಟಿಕ್ ಹಿಡಿದು ನಿಂತಿದ್ದ. ಅಂಪೈರ್ ಆಗಿದ್ದ ಡ್ರಿಲ್ ಮಾಸ್ತರರಿಗೆ ಆಟಗಾರರ ಬೆನ್ನು ಅಡ್ಡವಾಗಿ ಏನೂ ಕಂಡಿರಲಿಲ್ಲ. ನಮಗೆ ಮಾತ್ರ ಎಲ್ಲವೂ ಕಂಡಿತ್ತು! ಭುಜದ ಮೇಲೆ ಸ್ಟಿಕ್ ಎತ್ತಿದ್ದು, ಹಲ್ಲು ಕಚ್ಚಿದ್ದು, ಗುರಿ ಇಟ್ಟಿದ್ದು. ಸಂಜೆಯ ಹೊತ್ತಿಗೆ ಅವನು ಹೊಡೆಯುವ ಮೊದಲು ಬೈದ ಬೈಗುಳವೂ ಕೇಳಿಸಿತ್ತು.

ಬಶೀರ ಬಡವರ ಹುಡುಗ. ಹೈದರಾಬಾದಿನಲ್ಲಿ ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದ. ಕಾರ್ಯಾಚರಣೆಯ ವಾರದಲ್ಲಿ ಹೊಲಕ್ಕೆ ಹೋದ ಅವನ ತಂದೆ ಮನೆಗೆ ಮರಳಿರಲಿಲ್ಲ. ಸಿಕಂದರಾಬಾದಿನಲ್ಲಿ ಮುಂದಿನ ತಿಂಗಳು ಆಟ ನೋಡಿ ರೈಲ್ವೆ ನೌಕರಿಗೆ ಆರಿಸುವವರಿದ್ದರು. ಊರಿನ ಆಟದ ಕಮಿಟಿಯಿಂದ ಒಳ್ಳೆಯ ನಡತೆಯ ಚೀಟಿ ಒಯ್ಯಬೇಕಿತ್ತು. ಇದೆಲ್ಲ ನಮಗೆ ಗೊತ್ತಿತ್ತು. ಗೊತ್ತಿದ್ದೇ ಚಹಾದ ಅಂಗಡಿಯಲ್ಲಿ ಹರಾಜು ಕೂಗಿದೆವು. ಒಬ್ಬ ಆರು ತಿಂಗಳು ಎಂದರೆ ಇನ್ನೊಬ್ಬ ವರ್ಷ ಎಂದ. "ಎರಡು ವರ್ಷ!" ಎಂದು ಮೇಜು ಗುದ್ದಿದವನು ನಾನು.

ಕಮಿಟಿಯ ಅಧ್ಯಕ್ಷರು ಊರಿನ ವಕೀಲರೊಬ್ಬರು. ನಾಗೇಂದ್ರ ದವಡೆ ಮುರಿದು ಮಲಗಿದ್ದಾನೆ, ಕಣ್ಣಾರೆ ಕಂಡವರು ಬರೆದುಕೊಡಲಿ ಎಂದರು. ಮೂವರು ಬರೆದುಕೊಟ್ಟೆವು. ನನ್ನ ಅಕ್ಷರ ದುಂಡಗಿದ್ದುದರಿಂದ ಮೂವರದ್ದನ್ನೂ ನಾನೇ ಬರೆದೆ.

ವಿಚಾರಣೆಯ ದಿನ ಕರೆಯದಿದ್ದರೂ ಗುರುನಾಥಪ್ಪ ಬಂದರು. ನಿಂತೇ ಮಾತಾಡಿದರು.

"ಸ್ಟಿಕ್ ತಾಗಿದ್ರ ಗಾಯ ಉದ್ದ ಸೀಳತದರಿ. ಇದು ದುಂಡಗ ಬಾತದ. ಕೆನ್ನಿ ಮ್ಯಾಲ ಚೆಂಡಿನ ಹೊಲಿಗಿ ಎರಡು ಸಾಲು ಅಚ್ಚು ಒತ್ತಿದಾಂಗ ಮೂಡ್ಯಾವ. ಹೊಡದದ್ದು ಚೆಂಡು. ಯಾರ ಸ್ಟಿಕ್ಕಿನಿಂದ ಎದ್ದು ಬಂತು ನನಗ ತಿಳೀದು, ಈ ಮೂವರಿಗೂ ತಿಳೀದು."

"ಅವರು ಕಂಡೇವಂತ ಬರದುಕೊಟ್ಟಾರಲ್ಲರಿ" ಎಂದರು ವಕೀಲರು.

"ನಾ ಇವರ ಮಾರಿ ನೋಡಕೋತ ಕುಂತಿದ್ದೆರಿ. ಆ ಹುಡುಗ ಚೀರಿದ ಹೊತ್ತಿನ್ಯಾಗ ಅಂವ ಬೀಡಿ ಹಚ್ಚಲತ್ತಿದ್ದ. ಇಂವ ಹಿಂದ ತಿರುಗಿ ಯಾರ ಜೋಡಿನೋ ಜಗಳಾಡಲತ್ತಿದ್ದ. ಈ ಶಿವರಾಜ," ಎಂದು ನನ್ನ ಕಡೆ ಬೆರಳು ಮಾಡಿದರು, "ಬಗ್ಗಿ ತನ್ನ ಚಪ್ಪಲಿ ಹುಡುಕಲತ್ತಿದ್ದ. ಕೇಳ್ರಿ, ಚಪ್ಪಲಿ ಸಿಕ್ತೋ ಇಲ್ಲೋ ಹೇಳ್ಲಿ."

ಅವರು ಹೇಳಿದ್ದು ಅಕ್ಷರಶಃ ನಿಜ. ಗೆಳೆಯನೊಬ್ಬ ತಮಾಷೆಗೆ ನನ್ನ ಚಪ್ಪಲಿಯನ್ನು ಹಿಂದಕ್ಕೆ ತಳ್ಳಿದ್ದ. ಆಗ ವಕೀಲರು ನಗುತ್ತ, "ಆಟಕ್ಕ ಬೆನ್ನು ಹಾಕಿ ಕುಂತವರ ಗವಾಹಿ-ಸಾಕ್ಷಿ ಹ್ಯಾಂಗ ಹಿಡಿಯೋದು ಕಂಪೌಂಡರ್ ಸಾಹೇಬ್ರ?" ಎಂದರು. ಕೋಣೆ ತುಂಬ ನಗೆ ಎದ್ದಿತು. ನಾನೂ ನಕ್ಕೆ. ಆ ನಗೆಯಲ್ಲಿ ನನಗೆ ಸಿಕ್ಕ ನೆಮ್ಮದಿಯನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೆ ಹೇಸಿಗೆಯಾಗುತ್ತದೆ. ಬಶೀರ ಮೂಲೆಯಲ್ಲಿ ನಿಂತಿದ್ದ. ಎರಡು ವರ್ಷ ಆಟದಿಂದ ಹೊರಗೆ, ನಡತೆಯ ಚೀಟಿಯೂ ಇಲ್ಲ ಎಂದು ವಕೀಲರು ತೀರ್ಪು ಹೇಳಿದಾಗ ತಲೆ ಕೂಡ ಅಲ್ಲಾಡಿಸಲಿಲ್ಲ.

ಹೊರಗೆ ಬಂದಾಗ ಗುರುನಾಥಪ್ಪ ನನ್ನನ್ನು ನಿಲ್ಲಿಸಿದರು. ಕೂಗಾಡಲಿಲ್ಲ.

"ಪೊಲೀಸ್ ಕಾರ್ಯಾಚರಣಿ ಆದ ವರ್ಷನೂ ಹೀಂಗೇ ಇತ್ತು ತಮ್ಮಾ. ಇಂಥವ ಹಿಂಗ ಮಾಡ್ಯಾನ, ನಾವು ಕಂಡೇವಿ, ನಾವು ಕಂಡೇವಿ ಅಂತ ಊರೆಲ್ಲಾ ಅಂತಿತ್ತು. ಆಮ್ಯಾಲ ದವಾಖಾನಿಗಿ ಬಂದ ಹೆಣ ಯಾರದು ಅಂತ ಕೇಳಿದ್ರ ಒಬ್ಬನೂ ಕಂಡಿದ್ದಿಲ್ಲ."

ಅವರು ಹೋದರು.

ನಾಗೇಂದ್ರನ ದವಡೆಯ ಪಟ್ಟಿ ಬಿಚ್ಚಲು ಐದು ವಾರ ಬೇಕಾಯಿತು. ಬಾಯಿ ತೆರೆಯಲು ಬಂದೊಡನೆ ಅವನು ಹೇಳಿದ್ದಿಷ್ಟು: ತಾಗಿದ್ದು ಚೆಂಡು, ಅದು ಎದ್ದದ್ದು ಬೀದರ ತಂಡದವನದೇ ಸ್ಟಿಕ್ಕಿನಿಂದ, ಬಶೀರ ಹೊಡೆಯುವಷ್ಟು ಹತ್ತಿರವೇ ಇರಲಿಲ್ಲ, ಎಬ್ಬಿಸಲು ಬಂದು ನಿಂತಿದ್ದ. ಅಷ್ಟರಲ್ಲಿ ಸಿಕಂದರಾಬಾದಿನ ಆಯ್ಕೆ ಮುಗಿದಿತ್ತು. ಚಹಾದ ಅಂಗಡಿ ಬೆಚ್ಚಿಬಿದ್ದಿತೇ? ಇಲ್ಲ. ಮರುದಿನವೇ ಹೊಸ ಚರ್ಚೆ: ತಮ್ಮವನ ಚೆಂಡೇ ತಾಗಿದರೆ ಶಿಕ್ಷೆ ಉಂಟೋ ಇಲ್ಲವೋ. ಅದೇ ಗಂಟಲು, ಅದೇ ಮೇಜು.

ನಾನು ದವಾಖಾನೆಗೆ ಹೋದೆ. ಬರೆದುಕೊಟ್ಟದ್ದನ್ನು ವಾಪಸ್ ತಗೋತೇನಿ ಎಂದೆ. ಗುರುನಾಥಪ್ಪ ಕಷಾಯದ ಬಾಟಲಿಗೆ ಗುರುತಿನ ಕಾಗದ ಅಂಟಿಸುತ್ತಿದ್ದರು.

"ವಕೀಲರಿಗಿ ಕಾಗದ ಕೊಡು, ಬ್ಯಾಡನ್ನಂಗಿಲ್ಲ. ಆದ್ರ ಸುಳ್ಳು ತಟ್ಟಿದ್ದು ವಕೀಲರಿಗಲ್ಲ. ಭಾತಂಬ್ರಾಕ್ಕ ಹೋಗಬೇಕು."

"ನೀವೂ ಬರ್ರಿ ಕಾಕಾ."

"ಯಾಕ, ದಾರಿ ತಿಳೀದೇನು?" ಎಂದರು. ಆದರೆ ಆ ಭಾನುವಾರ ಬಂದರು. ಭಾಲ್ಕಿಯವರೆಗೆ ಮೋಟಾರಿನಲ್ಲಿ, ಅಲ್ಲಿಂದ ಮುಂದೆ ಒಂದು ಬಂಡಿಯಲ್ಲಿ. ದಾರಿಯುದ್ದಕ್ಕೂ ನನ್ನ ಜೊತೆ ಒಂದು ಮಾತಿಲ್ಲ. ಬಂಡಿಯವನ ಎತ್ತಿನ ಹೆಗಲಿನ ಹುಣ್ಣಿಗೆ ಏನು ಹಚ್ಚಬೇಕೆಂದು ಮಾತ್ರ ವಿವರವಾಗಿ ಹೇಳಿದರು.

ಬಶೀರ ಅಂಗಳದಲ್ಲಿ ತೊಗರಿ ಕಟ್ಟಿಗೆ ಮುರಿದು ಹೊರೆ ಕಟ್ಟುತ್ತಿದ್ದ. ಓದು ಬಿಟ್ಟಿದ್ದ. ನಾನು ನಿಂತು ಎಲ್ಲ ಹೇಳಿದೆ: ನಾನು ಕಂಡಿರಲಿಲ್ಲ, ಸುಳ್ಳು ಬರೆದೆ, ಉಳಿದಿಬ್ಬರದನ್ನೂ ನಾನೇ ಬರೆದೆ. ಅವನು ಕೈಯಲ್ಲಿದ್ದ ಹಗ್ಗವನ್ನು ಬಿಗಿಯುತ್ತಲೇ ಕೇಳಿಸಿಕೊಂಡ.

"ನಿಮಗ ನನ್ನ ಮ್ಯಾಲ ಏನು ಸಿಟ್ಟಿತ್ರಿ?" ಎಂದ.

"ಏನೂ ಇದ್ದಿಲ್ಲ."

"ಸಿಟ್ಟಿದ್ರ ಛಲೋ ಇತ್ತು" ಎಂದ ಅವನು. ಅವನ ತಾಯಿ ಒಳಗಿನಿಂದ ಎರಡು ಲೋಟ ನೀರು ತಂದಳು. ಗುರುನಾಥಪ್ಪ ಕುಡಿದರು. ನನ್ನ ಲೋಟ ನನ್ನ ಕೈಯಲ್ಲೇ ಉಳಿಯಿತು. ಹಿಂದಿರುಗುವಾಗ ನನಗೆ ಅಳು ಬಂತು. ಗುರುನಾಥಪ್ಪ ನೋಡಿಯೂ ನೋಡದವರಂತೆ ಕೂತರು. ಸಮಾಧಾನ ಹೇಳಲಿಲ್ಲ. ಹೇಳಿದ್ದರೆ ನಾನು ಅಂದೇ ಎಲ್ಲವನ್ನೂ ಮರೆತುಬಿಡುತ್ತಿದ್ದೆನೇನೋ.

ಬಳಿಕ ಅವರಿಗೆ ಉದಗೀರಕ್ಕೆ ವರ್ಗವಾಯಿತು. ಭಾಷೆಯ ಲೆಕ್ಕದಲ್ಲಿ ರಾಜ್ಯ ಒಡೆದಾಗ ಉದಗೀರ ಮರಾಠಿಯವರ ಕಡೆಗೆ, ನಾವು ಕನ್ನಡದವರ ಕಡೆಗೆ. ಎರಡು ಪತ್ರ ಬರೆದೆ. ಉತ್ತರ ಬರಲಿಲ್ಲ. ಅವರು ಪತ್ರ ಬರೆಯುವ ಜನವೂ ಅಲ್ಲ.

ಎಷ್ಟೋ ವರ್ಷಗಳ ಮೇಲೆ ಭಾಲ್ಕಿಯಿಂದ ಠಾಣಾ ಕುಶನೂರಿಗೆ ಹೋಗುವ ಬಸ್ಸಿನಲ್ಲಿ ಡ್ರೈವರನ ಹಿಂದಿನ ಸೀಟು ಸಿಕ್ಕಿತು. ಡ್ರೈವರ ಬಶೀರ. ಗುರುತು ಹಿಡಿದ, ತಲೆ ಆಡಿಸಿದ. ಊರು ಹತ್ತಿರ ಬಂದಾಗ ನಾನು ಕೇಳಿದೆ: "ಕಂಪೌಂಡರ್ ಕಾಕಾ ಹ್ಯಾಂಗ ಅದಾರ, ಏನರ ಗೊತ್ತದೇನು?"

"ತೀರಿಹೋಗಿ ಎಂಟು ತಿಂಗಳಾಯ್ತಲ್ಲರಿ. ಕಡೀ ನಾಕು ದಿನ ನಾನೂ ಉದಗೀರದಾಗ ಅವರ ಬಾಜೂಕೇ ಇದ್ದೆ. ಮಣ್ಣು ಕೊಟ್ಟು ಬಂದೆ."

"ನನಗ ಯಾರೂ ಹೇಳಲಿಲ್ಲ."

ಬಶೀರ ಗೇರು ಬದಲಿಸಿದ. ರಸ್ತೆಯಿಂದ ಕಣ್ಣು ತೆಗೆಯದೆ, ಸಿಟ್ಟಾಗಲಿ ಸೇಡಾಗಲಿ ಇಲ್ಲದ ದನಿಯಲ್ಲಿ ಹೇಳಿದ:

"ನಿಮ್ಮ ನೆನಪು ಯಾರಿಗೂ ಆಗಲಿಲ್ಲರಿ."

ಬಸ್ಸು ನಿಂತಿತು. ನಾನು ಇಳಿದೆ.