ಅವ್ವ ನಂಬದ ಹೊಗೆ

ಇವತ್ತು ಸಂಜೆ ಗುಂಡ್ಲುಪೇಟೆಯ ನಮ್ಮ ಬೀದಿಗೆ ಸೊಳ್ಳೆ ಹೊಗೆ ಹೊಡೆಯುವ ಮಿಷನ್ ಬಂತು. ಆ ಡೀಸೆಲ್ ವಾಸನೆ ಮೂಗಿಗೆ ಬಡಿದದ್ದೇ ತಡ, ಬೇಗೂರಿನ ನಮ್ಮ ಹಿತ್ತಲು ನೆನಪಾಯಿತು.

ನಾನು ಚಿಕ್ಕವಳಿದ್ದಾಗ ಅಲ್ಲಿ ನುಗ್ಗೆಮರದ ಕೆಳಗೆ ಅವ್ವ ಎರಡು ಪೆಟ್ಟಿಗೆಗಳಲ್ಲಿ ಜೇನು ಸಾಕಿದ್ದಳು. ಒಂದು ದಿನ ಹೊಗೆ ಹೊಡೆಯುವವನು ಮಧ್ಯಾಹ್ನವೇ ಬಂದು, ಸಂಜೆ ಹೊಗೆ ಹೊಡೆಯುವುದಾಗಿ ತಿಳಿಸಿ, "ಇದು ಸೊಳ್ಳೆಗೆ ಮಾತ್ರ ಕಣಕ್ಕ, ಜೇನ್ಗೆ ಏನೂ ಆಗಕಿಲ್ಲ" ಎಂದ.

"ಸೊಳ್ಳೆ ಯಾವ್ದು, ಜೇನು ಯಾವ್ದು ಅಂತ ನಿನ್ನ ಹೊಗೆಗೆ ಗೊತ್ತಾಯ್ತದಾ?" ಎಂದಳು ಅವ್ವ. ಅವನು ನಕ್ಕು ಹೋದ.

ಸಂಜೆ ಹುಳುಗಳೆಲ್ಲ ಗೂಡು ಸೇರುವವರೆಗೆ ಕಾದು, ಪೆಟ್ಟಿಗೆಗಳಿಗೆ ಒದ್ದೆ ಗೋಣಿಚೀಲ ಹೊದಿಸಿದಳು. ಹೊಗೆ ಬಂದು ಹೋಯಿತು. ಬೆಳಿಗ್ಗೆ ನಾನು ಚೀಲ ತೆಗೆಯಲು ಹೋದರೆ ಕೈ ಹಿಡಿದುಕೊಂಡಳು.

"ಹೂವಿನ್ ಮೇಲೂ ಕುಂತದೆ ಕಣಮ್ಮಿ ಆ ಹೊಗೆ. ಇವತ್ತು ಬುಡಬ್ಯಾಡ."

ಪಕ್ಕದ ಮನೆಯ ಚಿಕ್ಕಮ್ಮ, "ಅತಿಯಾಯ್ತು ಕಣಕ್ಕ ನಿಂದು" ಎಂದು ನಕ್ಕಳು. ಅವ್ವ ಚೀಲಗಳಿಗೆ ನೀರು ಚಿಮುಕಿಸುತ್ತ ಅಲ್ಲೇ ಕೂತಳು. ಮಧ್ಯಾಹ್ನದ ಹೊತ್ತಿಗೆ ಬೇರೆಲ್ಲಿಂದಲೋ ಬಂದ ಜೇನುಹುಳುಗಳು ನುಗ್ಗೆಹೂವಿನ ಕೆಳಗೆ ಸತ್ತು ಬೀಳತೊಡಗಿದವು. ಅವ್ವ ಒಂದನ್ನು ಅಂಗೈಯಲ್ಲಿಟ್ಟು ನನಗೆ ತೋರಿಸಿದಳು. ಮರುದಿನ ಚೀಲ ತೆಗೆದ ಮೇಲೆ ನಮ್ಮ ಹುಳುಗಳು ಹೊರಗೆ ಹಾರಿದವು.

ಇವತ್ತು ಬಂದವನನ್ನು ನಿಲ್ಲಿಸಿ, ಆ ಹೊಗೆಯಲ್ಲಿ ಯಾವ ಔಷಧಿ ಇದೆಯೆಂದು ಕೇಳಿದೆ.

"ಅದು ಗೊತ್ತಿಲ್ಲ ಮೇಡಂ. ನೀವು ಮಾತ್ರ ಕಿಟಕಿ ಹಾಕ್ಕಳಿ" ಎಂದ.